ಬೆಕ್ಕಿಗಲ್ಲ, ಲೆಕ್ಕಕ್ಕೆ

ಕಾಸರಗೋಡಿನ ಮೀನು ಮಾರ್ಕೆಟ್ಟಿನಲ್ಲಿ
ಮೂರನೆಯ ಕಟ್ಟೆ ಅಂದುಂಞಿಚ್ಚನದು.
ಬೂತಾಯಿಯ ತಲೆ ಕೇಳಿದೆ, ಒಂದು ಕಿಲೋ.
ಬರೀ ತಲೆ.
'ಬೆಕ್ಕಿಗಾ?' ಅಂದರು.
'ಲೆಕ್ಕಕ್ಕೆ' ಅಂದೆ.
ಕತ್ತಿ ಒಂದು ಕ್ಷಣ ನಿಂತು ಮತ್ತೆ ನಡೆಯಿತು.
ತಲೆಗೆ ದುಡ್ಡು ತಕ್ಕೊಳ್ಳುವ ರೂಢಿ ಅವರಿಗಿಲ್ಲ.

ವಿದ್ಯಾನಗರದ ಬಾಡಿಗೆ ಮಾಳಿಗೆಯಲ್ಲಿ
ಕಿವಿರಿನ ಮುಚ್ಚಳ ಎತ್ತಿ, ಕಮಾನು ಬಿಡಿಸಿ,
ಅದರ ಮೇಲೆ ಒತ್ತೊತ್ತಾಗಿ ನಿಂತ ಹಣಿಗೆಹಲ್ಲುಗಳನ್ನು
ಸೂಜಿಮೊನೆಯಿಂದ ಎಣಿಸುತ್ತೇನೆ:
ನೀರನ್ನು ಬಿಟ್ಟುಕೊಟ್ಟು
ಕಣವನ್ನು ಹಿಡಿದುಕೊಳ್ಳುವ ಜರಡಿ.
ನೂರ ಎಂಬತ್ತು, ನೂರ ಎಂಬತ್ತೊಂದು;
ತಪ್ಪಿದರೆ ಮೊದಲಿಂದ.
ಕೆಳಮನೆಯ ಸರೋಜಿನಿ ಟೀಚರು ಬೈಯುವುದಿಲ್ಲ,
ಮೆಟ್ಟಿಲ ಬುಡಕ್ಕೆ ಊದುಬತ್ತಿ ಹಚ್ಚಿಡುತ್ತಾರೆ.
ಅದೇ ಬೈಗುಳ.

ಇದೇ ಜರಡಿ ಇನ್ನೊಬ್ಬನಿಗಿತ್ತು,
ಹದಿನಾರೂವರೆ ಕೋಟಿ ವರ್ಷದ ಹಿಂದೆ.
ಒಂದೊಂದು ಹಲ್ಲು ನನ್ನ ಬೆರಳುದ್ದ.
ಲೀಡ್ಸಿಕ್ತಿಸ್.
ತೊರಕೆಯಲ್ಲ, ತಾಟೆಯಲ್ಲ, ಎಲುಬಿನ ಮೀನು;
ತಿಮಿಂಗಿಲ ಹುಟ್ಟುವುದಕ್ಕೆ ಎಷ್ಟೋ ಮೊದಲು
ಬಾಯಿ ತೆರೆದು ಸುಮ್ಮನೆ ಈಜುವ ಕೆಲಸ ಹಿಡಿದದ್ದು.
ದೂರದ ದೇಶದಲ್ಲಿ ಇಟ್ಟಿಗೆಗೆ ಮಣ್ಣು ತೆಗೆದ ಹೊಂಡದೊಳಗೆ
ಚೂರು ಸಿಕ್ಕಿದಾಗ
ಡೈನೋಸಾರಿನ ಬೆನ್ನ ಹಲಗೆ ಇರಬೇಕು ಎಂದರಂತೆ.
ಅವರನ್ನು ನಗಲಾರೆ.
ಇದರ ಬೆನ್ನುಹುರಿಯ ಸುತ್ತ ಎಲುಬು ಗಟ್ಟಿಯಾಗಲೇ ಇಲ್ಲ,
ಮಣ್ಣಿಗೆ ದಕ್ಕಲಿಲ್ಲ.
ತಲೆಯ ತುಂಡು, ಒಂದು ರೆಕ್ಕೆ, ಬಾಲ,
ನಡುವೆ ಎಷ್ಟು ಮೀನು ಎಂಬುದು
ನಮ್ಮ ನಮ್ಮ ಧೈರ್ಯ.

'ಎಷ್ಟು ದೊಡ್ಡದು?' ಕೇಳಿದರು ಅಂದುಂಞಿಚ್ಚ.
ಅವರ ಕಟ್ಟೆಯಿಂದ ಹೆಜ್ಜೆ ಹಾಕುತ್ತ ಹೋಗಿ
ಐಸ್ ಒಡೆಯುವವನ ಬಾಗಿಲಲ್ಲಿ ನಿಂತೆ.
'ಹೋದ ತಿಂಗಳು ಗೇಟಿನವರೆಗೆ ಅಂದಿದ್ದೆ!'
ಹೌದು. ಮೊದಲು ಇಪ್ಪತ್ತೇಳು ಮೀಟರು ಅಂತಿದ್ದರು,
ಆಮೇಲೆ ಇಳಿಸಿದರು, ಈಗ ಹದಿನಾರರ ಹತ್ತಿರ.
'ನಮ್ಮಲ್ಲಿ ಬಲೆ ಹರಿದು ಹೋದ ಮೀನು
ದಿನಕ್ಕೊಂದು ಗೇಣು ಬೆಳೆಯುತ್ತದೆ ಮಗಾ,
ನಿನ್ನದು ಸತ್ತ ಮೇಲೂ ಸಣ್ಣದಾಗ್ತಾ ಉಂಟಲ್ಲ,
ಇದೆಂಥ ಓದು!'
ಐಸ್ ಒಡೆಯುವವನೂ ನಕ್ಕ.

ಈ ಸೂರಿನ ಕೆಳಗೆ ಏಳು ಭಾಷೆ.
ಒಂದೇ ಬುಟ್ಟಿಯ ಮೀನು
ಈಚೆಯಿಂದ ಬೂತಾಯಿ, ಆಚೆಯಿಂದ ಮತ್ತಿ,
ಕೊಂಕಣಿಯ ಅಜ್ಜಿ ಬಗ್ಗಿ ನೋಡಿದರೆ ತಾರ್ಲೆ.
ಚೌಕಾಸಿ ಮಾತ್ರ ಎಲ್ಲದರಲ್ಲೂ ಒಂದೇ ರಾಗ.
ನನ್ನ ಮೀನಿನ ಹೆಸರನ್ನು
ಅಂದುಂಞಿಚ್ಚ ನಾಲಿಗೆಯ ಮೇಲೆ ಎರಡು ಸಲ ಹೊರಳಿಸಿ
ಮುಳ್ಳು ಸಿಕ್ಕಿದವರಂತೆ ಹೊರಗಿಟ್ಟರು.
'ಯಾರೂ ತಿನ್ನದ ಮೀನಿಗೆ
ನಾವು ಯಾಕೆ ಹೆಸರಿಡುವುದು?'

ನಮ್ಮ ನೆಲ ಮುರಕಲ್ಲು.
ಮಳೆ ಕುಡಿದು ಕುಡಿದು
ಎಲುಬನ್ನೂ ಚಿಪ್ಪನ್ನೂ ಕರಗಿಸಿಕೊಂಡ ಕಲ್ಲು.
ಬಾವಿ ತೋಡಿದರೂ ಕೆಂಪು, ಕೋಟೆ ಕಟ್ಟಿದರೂ ಕೆಂಪು,
ಒಂದು ಹುರುಪೆಯ ಗುರುತೂ ಅದರಲ್ಲಿ ಸಿಗದು.
ಎಲುಬು ಓದುವವಳು
ಎಲುಬು ಉಳಿಯದ ಊರಿನಲ್ಲಿ ಹುಟ್ಟಿದ್ದೇನೆ;
ಹಾಗಾಗಿ ನಿನ್ನೆ ರಾತ್ರಿಯವರೆಗೆ ಈಜಿದ್ದರ ತಲೆ ಹಿಡಿದು
ಹಿಂದಕ್ಕೆ ಹಿಂದಕ್ಕೆ ನಡೆಯಬೇಕು.

ಆ ಮೀನಿನ ಎಲುಬನ್ನು ಕೊಯ್ದು, ತೆಳ್ಳಗೆ ಉಜ್ಜಿ,
ಬೆಳಕಿಗೆ ಹಿಡಿದು ತೆಗೆದ ಒಂದು ಚಿತ್ರ ನನ್ನಲ್ಲಿದೆ.
ಮರದೊಳಗಿನ ಹಾಗೆ ವರ್ಷಕ್ಕೊಂದು ಗೆರೆ.
ಒಳಗಿನವು ಅಗಲ, ಅವಸರ;
ಹೊರಗೆ ಬರುತ್ತ ಬರುತ್ತ ಇಕ್ಕಟ್ಟು.
ಕೊನೆಯದು ಪೂರ್ತಿಯಾಗಿಲ್ಲ.
ಅಲ್ಲಿ ನಾನು ಸೂಜಿ ಇಡುವುದಿಲ್ಲ.

ಈ ಸೋಮವಾರ ಅಂದುಂಞಿಚ್ಚ ತಲೆ ಕಟ್ಟಿಕೊಡಲಿಲ್ಲ.
ಒಂದು ಇಡೀ ಬೂತಾಯಿಯನ್ನು ಎತ್ತಿ
ತನ್ನ ಅಂಗೈಯ ಮೇಲೆ ಮಲಗಿಸಿ ತೋರಿಸಿದರು:
'ನನ್ನ ಬಾಪ್ಪ ಮಾರುವಾಗ
ಮಣಿಕಟ್ಟಿನಿಂದ ಬೆರಳ ತುದಿ ದಾಟುತ್ತಿತ್ತು.
ಈಗ ನೋಡು, ಬೆರಳ ಬುಡಕ್ಕೆ ಮುಗಿಯಿತು.
ಇದನ್ನೂ ಬರೆದುಕೋ.
ಕೈ ಅದೇ, ಸುಳ್ಳಲ್ಲ.'

ಅವರ ಅಂಗೈಯನ್ನು ಕಾಗದದ ಮೇಲೆ ಒತ್ತಿಸಿ
ಸುತ್ತ ಗೆರೆ ಎಳೆದೆ.
ನಡುವೆ ಮೀನನ್ನೂ.
ತಾರೀಕು ಹಾಕುವಾಗ ಪೆನ್ಸಿಲು
ಹುರುಪೆ ಹತ್ತಿ ಜಾರುತ್ತಿತ್ತು.